ಜೀವಕೋಶಗಳ ಕೈಹಿಡಿತ

ಪ್ರಿಯ ಪೂರ್ವ ವಿದ್ಯಾರ್ಥಿನಿಯರಿಗೆ ವಿಜ್ಞಾನದ ಕೊಠಡಿಯ ಒಂದು ಪಾಠವು ನೆನಪಿರಬಹುದು. ಶುಚಿಯಾದ ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲನೆ ಸವರಿ, ಗಾಜಿನ ಮೇಲಿಟ್ಟು, ನೀಲಿ ಬಣ್ಣದ ತೊಟ್ಟೊಂದನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಪ್ಪಟೆಯಾದ ಜೀವಕೋಶಗಳು ಕಾಣಿಸುವುವು. ಇಷ್ಟು ಸುಲಭವಾಗಿ ಕಳಚಿಬರುವ ಕೋಶಗಳಿಂದಾದ ಕೆನ್ನೆಯು ಹುರಿಗಡಲೆಯನ್ನು ಅಗಿಯುವಾಗ ಹರಿದುಹೋಗದಿರುವುದೇಕೆ? ಕಳಚುವುವು ಆಯುಸ್ಸು ತೀರಿದ ಮೇಲ್ಪದರದವು ಮಾತ್ರ. ಕೆಳಗಿನವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುವು.

ನಮ್ಮ ಸೀಮೆಯವರು ರೇಷ್ಮೆಗೂಡನ್ನು ಬಲ್ಲರು. ಅದರ ಎಳೆಗಳನ್ನು ಸೆರಿಸಿನ್ ಎಂಬ ಅಂಟು ಹಿಡಿದಿರುವುದು. ಬಿಸಿನೀರಿನಲ್ಲಿ ಅದು ಮೆದುವಾದೊಡನೆ ನೂಲು ಬಿಚ್ಚಿಕೊಳ್ಳುವುದು. ಜೀವಕೋಶಗಳ ನಡುವೆಯೂ ಇಂಥ ಮೆತ್ತಿದ ಅಂಟೇ ಇರುವುದೆಂದು ತಿಳಿಯಬಾರದು. ಪ್ರತಿಯೊಂದು ಕೋಶವೂ ಪ್ರೋಟೀನಿನ ಸಣ್ಣ ಕೈಗಳನ್ನು ಹೊರಕ್ಕೆ ಚಾಚಿ, ನೆರೆಯ ಕೋಶದ ಅಂಥದೇ ಕೈಯನ್ನು ಹಿಡಿಯುವುದು. ಆ ಕೈಗಳ ಬುಡವು ಕೋಶದೊಳಗಿನ ಎಳೆಗಳಿಗೆ ಬಿಗಿದಿರುವುದರಿಂದ, ಒಂದರ ಮೇಲೆ ಬಿದ್ದ ಸೆಳೆತವು ನೆರೆಯವಕ್ಕೆಲ್ಲ ಹಂಚಿಹೋಗುವುದು. ಈ ಹಿಡಿತಕ್ಕೆ ಕ್ಯಾಲ್ಸಿಯಂ ಅವಶ್ಯವೆಂಬುದನ್ನು ಜಪಾನಿನ ಮಸತೋಷಿ ತಕೇಯಿಚಿ ಎಂಬ ವಿದ್ವಾಂಸರು 1970ರ ದಶಕದಲ್ಲಿ ವಿಶದಪಡಿಸಿದರು. ಮುಂದೆ ಆ ಪ್ರೋಟೀನುಗಳಿಗೆ ಕ್ಯಾಡ್‌ಹೆರಿನ್ ಎಂಬ ಹೆಸರಾಯಿತು. ಕ್ಯಾಲ್ಸಿಯಂ ಇಲ್ಲವಾದರೆ ಕೈಗಳು ಸಡಿಲುವುವು.

ಇದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗಿಯು ಎದ್ದು, "ಟೀಚರ್, ಹಾಗಾದರೆ ನಮ್ಮಜ್ಜಿ ಎಲೆಯಡಿಕೆಗೆ ಹಚ್ಚುವ ಸುಣ್ಣ ಒಳ್ಳೆಯದೇ ಅಲ್ಲವೇ?" ಎಂದಳು. ಪ್ರಶ್ನೆಯು ಜಾಣತನದ್ದೇ, ಸುಣ್ಣದಲ್ಲಿರುವುದೂ ಕ್ಯಾಲ್ಸಿಯಮ್ಮೇ ಸರಿ. ಆದರೆ ಕೋಶಗಳಿಗೆ ಬೇಕಾದುದು ರಾಗಿ, ಹಾಲು ಮುಂತಾದ ಆಹಾರದಿಂದ ರಕ್ತದ ಮೂಲಕ ಒದಗುವುದು. ಬಾಯಲ್ಲಿಟ್ಟ ಸುಣ್ಣವಾದರೋ ತೀಕ್ಷ್ಣವಾದ ಕ್ಷಾರ. ಮೃದುವಾದ ಒಳಪೊರೆಯನ್ನು ಸುಡುವುದು.

ಅದರ ಜೊತೆಗೂಡುವ ಅಡಿಕೆ, ಹೊಗೆಸೊಪ್ಪುಗಳ ಹಾನಿಯು ಇನ್ನೂ ದೊಡ್ಡದು. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಿಳಿಸಿದೆ. ನಮ್ಮ ಕೋಲಾರ ಸೀಮೆಯಲ್ಲಿ ಎಲೆಯಡಿಕೆ, ಹೊಗೆಸೊಪ್ಪುಗಳ ಉಂಡೆಯನ್ನು ದವಡೆಯಲ್ಲಿಟ್ಟುಕೊಂಡೇ ನಿದ್ರಿಸುವ ಹೆಂಗಸರುಂಟು. ಹೀಗೆ ಇಟ್ಟ ಕಡೆಯಲ್ಲಿಯೇ ಕೆನ್ನೆಯ ಕ್ಯಾನ್ಸರ್ ಹುಟ್ಟುವುದನ್ನು ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ಕಂಡು ಬರೆದಿರುವರು.

ಇಂಥ ಅನೇಕ ಗೆಡ್ಡೆಗಳಲ್ಲಿ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಕಡಿಮೆಯಾಗಿರುವುದು. ಕೈಬಿಟ್ಟ ಕೋಶಗಳು ಗುಂಪನ್ನಗಲಿ, ದುಗ್ಧನಾಳಗಳ ದಾರಿಯಾಗಿ ಕೊರಳಿನ ಗ್ರಂಥಿಗಳನ್ನು ಸೇರುವುವು. ಅವು ಹಾಗೆ ಹೊರಡುವುದಕ್ಕೆ ಮೊದಲೇ ಗೆಡ್ಡೆಯನ್ನು ತೆಗೆದರೆ ಗುಣವಾಗುವ ಸಂಭವವು ಹೆಚ್ಚು. ಆದುದರಿಂದ ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ, ಇವುಗಳಲ್ಲಿ ಯಾವುದಾದರೂ ಕಂಡರೆ ವೈದ್ಯರಿಗೆ ತೋರಿಸತಕ್ಕದ್ದು. ಮೊದಮೊದಲು ನೋವಿರುವುದಿಲ್ಲ, ಅಜ್ಜಿಯವರು ತಾವಾಗಿ ಹೇಳುವುದೂ ಅಪರೂಪ. ಮನೆಯ ಹುಡುಗಿಯರೇ ಕೇಳಿ, ಬೆಳಕಿನಲ್ಲಿ ಬಾಯಿ ತೆರೆಸಿ ನೋಡಬೇಕು.