ಹಸಿರು ದೀಪ ಉರೀತಿತ್ತಲ್ಲ! – ಬೈಕಿನ ಇಂಡಿಕೇಟರ್ ಮತ್ತು ಬ್ಯಾಟರಿಯ ಒಂದು ಪಾಠ

ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು. ಹಾಗಾಗಿ ಕಾಗುಣಿತ ತಪ್ಪಿದ್ದರೆ ಸಂಪಾದಕರನ್ನು ಬೈಯಬೇಡಿ, ನನ್ನನ್ನೇ ಬೈಯಿರಿ. ಕಳೆದ ಸಂಚಿಕೆಯಲ್ಲಿ ಟೆಕ್ನಿಕಲ್ ಲೇಖನಗಳು ಕಡಿಮೆ ಅಂತ ಸೀನಿಯರ್ಸ್ ಹೇಳಿದ್ದರು. ರಜೆಯಲ್ಲಿ ನನಗೆ ಒಂದು ಟೆಕ್ನಿಕಲ್ ವಿಷಯ ತಾನಾಗೇ ಸಿಕ್ಕಿತು, ಸಿಗದೇ ಇದ್ದಿದ್ದರೆ ಚೆನ್ನಾಗಿರ್ತಿತ್ತು.

ನನ್ನ ಸೋದರಮಾವನ ಮನೆ ಬಳ್ಳಿಗಾವಿಯಲ್ಲಿ. ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದಿಂದ ಕೂಗಳತೆ ದೂರ. ಅಲ್ಲಮಪ್ರಭು ಹುಟ್ಟಿದ ಊರು ಅಂತ ಹೇಳಿದರೆ ಕೆಲವರಿಗೆ ಗೊತ್ತಾಗತ್ತೆ, ಕೇದಾರೇಶ್ವರ ದೇವಸ್ಥಾನ ಅಂದರೆ ಇನ್ನು ಕೆಲವರಿಗೆ. ಮಾವನ ಹತ್ತಿರ ಒಂದು ಹಳೇ 100 ಸಿಸಿ ಕಾರ್ಬೊರೇಟರ್ ಬೈಕ್ ಇದೆ. ಒಂದು ಸಂಜೆ ಮಾವ, ಅತ್ತೆ ಇಬ್ಬರೂ ಶಿರಾಳಕೊಪ್ಪ ಸಂತೆಯಿಂದ ವಾಪಸ್ ಬರುವಾಗ, ಮಾವ ಬಲಕ್ಕೆ ಇಂಡಿಕೇಟರ್ ಹಾಕಿ ತಿರುಗಿಸಿದ್ದಾರೆ. ಹಿಂದಿನಿಂದ ಓವರ್‌ಟೇಕ್ ಮಾಡುತ್ತಿದ್ದ ಗೂಡ್ಸ್ ಗಾಡಿ ಸವರಿಕೊಂಡು ಹೋಯಿತು. ಮಾವನಿಗೆ ಏನೂ ಆಗಲಿಲ್ಲ, ಅತ್ತೆಯ ಮಂಡಿಗೆ ಮೂರು ಹೊಲಿಗೆ. ಗೂಡ್ಸ್ ಗಾಡಿಯವನು ನಿಲ್ಲಿಸಿ, "ಇಂಡಿಕೇಟರ್ ಹಾಕ್ದೆ ತಿರುಗ್ಸಿದ್ರಲ್ಲ ಯಜಮಾನ್ರೇ" ಅಂದನಂತೆ. ಮಾವ ಈಗಲೂ ಹೇಳೋದು ಒಂದೇ ಮಾತು: "ಹಾಕಿದ್ದೆ. ಮುಂದೆ ಮೀಟರಿನಾಗೆ ಹಸಿರು ದೀಪ ಉರೀತಿತ್ತಲ್ಲ!"

ಇಬ್ಬರ ಮಾತೂ ನಿಜ. ಅದು ಹೇಗೆ ಅನ್ನೋದೇ ಈ ಲೇಖನ.

ನಾನು ಊರಿಗೆ ಹೋದಾಗ ಮಾವ ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿ, "ಎಲೆಕ್ಟ್ರಿಕಲ್ ಓದ್ತೀಯಲ್ಲ, ಇದನ್ನ ನೋಡು" ಅಂದರು. ಎರಡು ಸೆಮಿಸ್ಟರ್ ನೆಟ್‌ವರ್ಕ್ ಥಿಯರಿ ಓದಿದ ಧೈರ್ಯದಲ್ಲಿ ಮಲ್ಟಿಮೀಟರ್ ಹಿಡಿದು ಕೂತೆ.

ಮೊದಲು ಗಾಡಿಯ ಸರ್ಕ್ಯೂಟ್ ತಲೆಯಲ್ಲಿ ಇರಲಿ. ಇಂಥ ಹಳೇ ಗಾಡಿಗಳಲ್ಲಿ ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟೊ ಎಸಿ ಕರೆಂಟ್ ಕೊಡುತ್ತದೆ. ಹೆಡ್‌ಲೈಟಿಗೆ ಅದು ನೇರವಾಗಿ ಹೋಗುತ್ತದೆ. ಇನ್ನೊಂದು ಪಾಲು ಆರ್‌ಆರ್ ಯುನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಮೂಲಕ ಡಿಸಿ ಆಗಿ ಬ್ಯಾಟರಿ ತುಂಬುತ್ತದೆ. ಹಾರ್ನ್, ಬ್ರೇಕ್ ಲೈಟ್, ಇಂಡಿಕೇಟರ್ ಇವೆಲ್ಲ ಬ್ಯಾಟರಿಯ ಮಕ್ಕಳು. ಹಾಗಾಗಿ ಬ್ಯಾಟರಿ ಪೂರ್ತಿ ಸತ್ತರೂ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಹೆಡ್‌ಲೈಟ್ ಉರಿಯುತ್ತದೆ, ಸವಾರನಿಗೆ ಏನೂ ಗೊತ್ತೇ ಆಗಲ್ಲ. ಹೊಸ ಗಾಡಿ ಇಟ್ಟುಕೊಂಡವರು ಇಲ್ಲಿ ಸ್ವಲ್ಪ ಹುಷಾರು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಮೇಲೆ ಬಹುತೇಕ ಬೈಕ್‌ಗಳು ಫ್ಯೂಯಲ್ ಇಂಜೆಕ್ಷನ್ ಆಗಿವೆ. ಫ್ಯೂಯಲ್ ಪಂಪ್‌ಗೂ ಇಸಿಯುಗೂ ಕರೆಂಟ್ ಬೇಕು. ಬ್ಯಾಟರಿ ಸತ್ತರೆ ಹಾಸ್ಟೆಲ್ ಇಳಿಜಾರಿನಲ್ಲಿ ನಾಲ್ಕು ಜನ ತಳ್ಳಿದರೂ ಸ್ಟಾರ್ಟ್ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಎಂಜಿನ್ ಆಫ್ ಇದ್ದಾಗ, ಗಾಡಿ ಒಂದೆರಡು ಗಂಟೆ ಸುಮ್ಮನೆ ನಿಂತಮೇಲೆ ಬ್ಯಾಟರಿಯ ವೋಲ್ಟೇಜ್ ಅಳೆಯಬೇಕು. 12.6ರಿಂದ 12.8 ಇದ್ದರೆ ತುಂಬಿದೆ ಅಂತ ಅರ್ಥ. 12.0 ಅಂದರೆ "ಹನ್ನೆರಡು ವೋಲ್ಟ್ ಬ್ಯಾಟರಿ, ಹನ್ನೆರಡಿದೆ, ಸರಿಯಾಗಿದೆ" ಅಂತ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.0 ಅಂದರೆ ಹೆಚ್ಚುಕಡಿಮೆ ಖಾಲಿ. ಮಾವನ ಗಾಡಿಯಲ್ಲಿ 12.1 ಇತ್ತು. ನಾಲ್ಕು ತಿಂಗಳ ಹಿಂದೆಯಷ್ಟೇ ಹೊಸದು ಹಾಕಿಸಿದ ಬ್ಯಾಟರಿ ಅದು. ಹಳೆಯದು "ವೀಕ್" ಅಂತ ತೆಗೆಸಿ ಹಾಕಿದ್ದು, ಈಗ ಹೊಸದೂ ವೀಕ್!

ಮಾವ ತಮ್ಮದೇ ಡಯಾಗ್ನೊಸಿಸ್ ಇಟ್ಟುಕೊಂಡಿದ್ದರು: ಬ್ಯಾಟರಿ ವೀಕ್, ಅದಕ್ಕೇ ಬಲಗಡೆ ಇಂಡಿಕೇಟರ್ ಮಿಣಕಲ್ಲ, ಸುಮ್ಮನೆ ಉರಿದುಕೊಂಡಿರುತ್ತೆ. ಕೇಳೋಕೆ ಸರಿಯಾಗಿದೆ ಅಲ್ವಾ? ಬ್ಯಾಟರಿ ಇಳಿದಾಗ ಹಳೇ ಥರದ ಫ್ಲಾಷರ್ ರಿಲೇ ನಿಜವಾಗಲೂ ಮಿಣಕದೆ ನಿಲ್ಲಬಹುದು, ಎಕ್ಸಲರೇಟರ್ ಕೊಟ್ಟಾಗ ಮತ್ತೆ ಮಿಣಕಬಹುದು. ಆದರೆ ಎಡಗಡೆ ಹಾಕಿದರೆ ನಿಧಾನಕ್ಕಾದರೂ ಮಿಣಕುತ್ತಿತ್ತು. ಬ್ಯಾಟರಿ ಎಡಕ್ಕೂ ಬಲಕ್ಕೂ ಒಂದೇ, ರಿಲೇನೂ ಒಂದೇ. ಎರಡಕ್ಕೂ ಸಾಮಾನ್ಯವಾದ ಭಾಗ ಕೆಟ್ಟಿದ್ದರೆ ಎರಡೂ ಕಡೆ ಕೆಡಬೇಕಿತ್ತು. ಬಲಗಡೆ ಮಾತ್ರ ಕೆಟ್ಟಿದೆ ಅಂದರೆ ತಪ್ಪು ಸ್ವಿಚ್ ದಾಟಿ ಬಲಗಡೆಯ ವೈರು, ಬಲ್ಬು, ಅರ್ತ್ ಇವುಗಳಲ್ಲೇ ಎಲ್ಲೋ ಇದೆ. ಇದನ್ನು ಯೋಚಿಸೋಕೆ ಮೀಟರ್ ಬೇಡ, ಪಾನಾನೂ ಬೇಡ. ನನಗೆ ಮಾತ್ರ ಇದು ಹೊಳೆದದ್ದು ಎರಡನೇ ದಿನ.

ರಿಲೇ ಬಗ್ಗೆ ಒಂದು ಮಾತು. ಹಳೇ ಥರದ ರಿಲೇ ಒಳಗೆ ಕರೆಂಟ್‌ನಿಂದ ಬಿಸಿಯಾಗುವ ಪಟ್ಟಿ ಇರುತ್ತದೆ. ಬಿಸಿಯಾದರೆ ಬಾಗುತ್ತದೆ, ಸಂಪರ್ಕ ತಪ್ಪುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಆ ಟಿಕ್ ಟಿಕ್ ಶಬ್ದ ಅದೇ. ಇದರ ಲೆಕ್ಕ ಎರಡು 10 ವ್ಯಾಟ್ ಬಲ್ಬ್, ಅಂದರೆ 20 ವ್ಯಾಟ್, ಸುಮಾರು 1.7 ಆಂಪಿಯರ್. ಒಂದು ಬಲ್ಬ್ ಹೋದರೆ ಕರೆಂಟ್ ಅರ್ಧ, ಪಟ್ಟಿ ಸಾಕಷ್ಟು ಬಿಸಿಯಾಗಲ್ಲ, ದೀಪ ಮಿಣಕದೆ ಉರಿಯುತ್ತಲೇ ಇರುತ್ತದೆ. ಈಗಿನ ಎಲೆಕ್ಟ್ರಾನಿಕ್ ರಿಲೇಗಳಲ್ಲಿ ಹಲವು ಇದಕ್ಕೆ ಉಲ್ಟಾ: ಒಂದು ಬಲ್ಬ್ ಹೋದರೆ ಪಟಪಟ ಅಂತ ಜೋರಾಗಿ ಮಿಣಕುತ್ತವೆ. ನಿಯಮದ ಪ್ರಕಾರ ನಿಮಿಷಕ್ಕೆ 60ರಿಂದ 120 ಸಲ ಮಿಣಕಬೇಕು. ಅದಕ್ಕಿಂತ ಹೆಚ್ಚು ಕಡಿಮೆ ಆದರೆ ಗಾಡಿ ನಿಮಗೇನೋ ಹೇಳುತ್ತಿದೆ ಅಂತ ತಿಳಿಯಿರಿ. ಮಾವನಿಗೂ ಹೇಳುತ್ತಿತ್ತು. ಮಿಣಕದೆ ಉರಿಯುತ್ತಿದ್ದ ಆ ಹಸಿರು ದೀಪದ ಅರ್ಥ "ಹಿಂದಿನ ಬಲ್ಬ್ ಇಲ್ಲ" ಅಂತ. ಮಾವ ಅದನ್ನು "ಬ್ಯಾಟರಿ ವೀಕ್" ಅಂತ ಓದಿಕೊಂಡರು.

ನಾನು ಮಾಡಿದ ತಪ್ಪು ಈಗ. ಬಲಗಡೆ ಹಿಂದಿನ ಬಲ್ಬ್ ಬಿಚ್ಚಿ, ಹೋಲ್ಡರಿನ ಎರಡು ತುದಿಗೆ ಮಲ್ಟಿಮೀಟರ್ ಇಟ್ಟೆ. 12 ವೋಲ್ಟ್ ತೋರಿಸಿತು. "ಸಪ್ಲೈ ಬರ್ತಿದೆ, ಅರ್ತ್ ಇದೆ, ಬಲ್ಬ್ ಹೋಗಿದೆ" ಅಂತ ಘೋಷಿಸಿ ಶಿರಾಳಕೊಪ್ಪಕ್ಕೆ ಹೋಗಿ ಹೊಸ ಬಲ್ಬ್ ತಂದೆ. ಹಾಕಿದೆ. ಉರಿಯಲಿಲ್ಲ. ಎಡಗಡೆ ಬಲ್ಬ್ ತಂದು ಹಾಕಿದೆ, ಅದೂ ಉರಿಯಲಿಲ್ಲ. ಮೊದಲು ತೆಗೆದ ಹಳೇ ಬಲ್ಬ್ ಎಡಗಡೆ ಹಾಕಿದರೆ ಚೆನ್ನಾಗಿ ಉರಿಯಿತು! ಅತ್ತೆ ಕಾಲು ಚಾಚಿಕೊಂಡು ಜಗಲಿ ಮೇಲೆ ಕೂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ, ಅದೇ ಕಷ್ಟ.

ಕೊನೆಗೆ ಮಾವನಿಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಅಣ್ಣನ ಹತ್ತಿರ ತಳ್ಳಿಕೊಂಡು ಹೋದೆವು. ಅವರ ಹತ್ತಿರ ಮೀಟರ್ ಇರಲಿಲ್ಲ. ಒಂದು ಹಳೇ ಇಂಡಿಕೇಟರ್ ಬಲ್ಬ್, ಅದಕ್ಕೆ ಬೆಸುಗೆ ಹಾಕಿದ ಎರಡು ವೈರ್, ಅಷ್ಟೇ. ಒಂದು ತುದಿಯನ್ನು ಹಿಂದಿನ ಇಂಡಿಕೇಟರಿನ ಸಪ್ಲೈ ವೈರಿಗೆ, ಇನ್ನೊಂದನ್ನು ನೇರ ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿದರು. ಬಲ್ಬ್ ಉರಿದದ್ದಷ್ಟೇ ಅಲ್ಲ, ಟಿಕ್ ಟಿಕ್ ಅಂತ ಮಿಣಕೋಕೆ ಶುರುವಾಯಿತು, ಯಾಕಂದ್ರೆ ರಿಲೇಗೆ ಈಗ ಬೇಕಾದ 20 ವ್ಯಾಟ್ ಸಿಕ್ಕಿತು. ಆಮೇಲೆ ನೆಗೆಟಿವ್‌ನಿಂದ ತೆಗೆದು ಇಂಡಿಕೇಟರಿನದೇ ಹಸಿರು ವೈರಿಗೆ ಮುಟ್ಟಿಸಿದರು. ಕತ್ತಲು. "ಅರ್ತ್ ಇಲ್ಲ" ಅಂದರು. ಒಂದು ನಿಮಿಷವೂ ಆಗಿರಲಿಲ್ಲ.

ಹಾಗಾದರೆ ನನ್ನ ಮೀಟರ್ ಸುಳ್ಳು ಹೇಳಿತಾ? ಇಲ್ಲ, ನಾನು ತಪ್ಪು ಪ್ರಶ್ನೆ ಕೇಳಿದ್ದೆ. ಇದನ್ನು ರಾತ್ರಿ ಕೂತು ಲೆಕ್ಕ ಹಾಕಿದೆ. ಕಿಲುಬು ಹಿಡಿದ ಅರ್ತ್ ಜಾಯಿಂಟಿನ ರೆಸಿಸ್ಟೆನ್ಸ್ 100 ಓಮ್ ಅಂತ ಇಟ್ಟುಕೊಳ್ಳಿ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. ಕೋಟಿ ಓಮ್ ಮುಂದೆ ನೂರು ಓಮ್ ಯಾವ ಲೆಕ್ಕ? ಪೂರ್ತಿ 12 ವೋಲ್ಟ್ ಮೀಟರಿಗೇ ಬರುತ್ತದೆ. ಅದೇ ಜಾಗದಲ್ಲಿ 10 ವ್ಯಾಟ್ ಬಲ್ಬ್ ಹಾಕಿದರೆ, ಉರಿಯುವಾಗ ಅದರ ರೆಸಿಸ್ಟೆನ್ಸ್ 144ನ್ನು 10ರಿಂದ ಭಾಗಿಸಿದರೆ 14.4 ಓಮ್. 12 ವೋಲ್ಟನ್ನು 100 ಮತ್ತು 14.4 ಹಂಚಿಕೊಂಡರೆ ಬಲ್ಬಿಗೆ ಸಿಗುವುದು ಒಂದೂವರೆ ವೋಲ್ಟ್. ಫಿಲಮೆಂಟ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಇನ್ನೂ ಕಡಿಮೆ, ಆದ್ದರಿಂದ ಅದಕ್ಕಿಂತಲೂ ಕಡಿಮೆ ಸಿಗುತ್ತದೆ. ಎಲ್ಲಿಂದ ಉರಿಯಬೇಕು? ವೋಲ್ಟೇಜ್ ಡಿವೈಡರ್ ಪ್ರಾಬ್ಲಮ್‌ಗೆ ನನಗೆ ಇಂಟರ್ನಲ್ಸ್‌ನಲ್ಲಿ ಪೂರ್ತಿ ಮಾರ್ಕ್ಸ್ ಬಂದಿತ್ತು. ಅಂಗಳದಲ್ಲಿ ಸೊನ್ನೆ.

ಮಲ್ಟಿಮೀಟರಿನಲ್ಲೇ ಇದನ್ನು ಹಿಡಿಯಬಹುದು, ಆದರೆ ಬಲ್ಬ್ ಜಾಗದಲ್ಲೇ ಇರಬೇಕು, ಇಂಡಿಕೇಟರ್ ಆನ್ ಇರಬೇಕು. ಆಗ ಬಲ್ಬಿನ ಅರ್ತ್ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಿರಿ. ಅರ್ತ್ ಸರಿ ಇದ್ದರೆ ಸೊನ್ನೆಗೆ ಹತ್ತಿರ ಬರಬೇಕು. ಮಾವನ ಗಾಡಿಯಲ್ಲಿ ಹತ್ತು ವೋಲ್ಟಿನ ಮೇಲೇ ಬಂತು. ವೋಲ್ಟೇಜ್ ಎಲ್ಲಿ ಬೀಳಬಾರದೋ ಅಲ್ಲಿ ಬೀಳುತ್ತಿತ್ತು. ಇನ್ನೊಂದು ಲಕ್ಷಣ: ಇಂಡಿಕೇಟರ್ ಹಾಕಿದಾಗ ಹಿಂದಿನ ಟೇಲ್ ಲೈಟೂ ಮಂದವಾಗಿ ಅದರ ಜೊತೆ ಮಿಣಕಿದರೆ, ಹಿಂದಿನ ಕಾಮನ್ ಅರ್ತ್ ಹೋಗಿದೆ ಅಂತ ಅನುಮಾನಪಡಿ. ಕರೆಂಟ್ ವಾಪಸ್ ಹೋಗಲು ದಾರಿ ಸಿಗದೆ ಬೇರೆ ಬಲ್ಬಿನ ಮೂಲಕ ನುಸುಳುತ್ತಿರುತ್ತದೆ.

ಹೋಂಡಾ ಮೂಲದ ವೈರಿಂಗ್ ಇರುವ ಗಾಡಿಗಳಲ್ಲಿ ಅರ್ತ್ ಹಸಿರು, ಎಡ ಇಂಡಿಕೇಟರ್ ಕಿತ್ತಳೆ, ಬಲ ಇಂಡಿಕೇಟರ್ ತಿಳಿನೀಲಿ, ರಿಲೇಯಿಂದ ಸ್ವಿಚ್‌ಗೆ ಬೂದು ಬಣ್ಣ. ಬೇರೆ ಕಂಪನಿಗಳಲ್ಲಿ ಬಣ್ಣ ಬೇರೆ, ಮ್ಯಾನ್ಯುಯಲ್ ನೋಡಿಕೊಳ್ಳಿ. ನಮ್ಮ ಗಾಡಿಯ ಸೀಟ್ ಕೆಳಗಿನ ಹಸಿರು ವೈರಿನ ಬುಲೆಟ್ ಕನೆಕ್ಟರ್ ಎಳೆದರೆ ಒಳಗೂ ಹಸಿರೇ, ತಾಮ್ರದ ಕಿಲುಬು! ಮಳೆಗಾಲದ ನೀರು, ಚಕ್ರದಿಂದ ಹಾರುವ ಕೆಸರು ಎಲ್ಲ ಅಲ್ಲಿಗೇ ಹೋಗುತ್ತದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಕನೆಕ್ಟರನ್ನು ಸ್ವಲ್ಪ ಬಿಗಿ ಮಾಡಿ, ಪೆಟ್ರೋಲಿಯಂ ಜೆಲ್ಲಿ ಸವರಿ ಜೋಡಿಸಿದರು. ಉರಿಯಿತು.

ಅಲ್ಲಿಗೆ ಒಂದು ಮುಗಿಯಿತು. ಆದರೆ ಬ್ಯಾಟರಿ ಯಾಕೆ ಇಳಿಯುತ್ತಿದೆ ಅನ್ನೋದು ಬೇರೆಯೇ ಕಥೆ. ನಮ್ಮೂರಿನ ಕಂಬದ ಮೇಲಿನ ಗಂಡಭೇರುಂಡಕ್ಕೆ ಎರಡು ತಲೆ ಇರುವ ಹಾಗೆ ಈ ಗಾಡಿಗೂ ಎರಡು ರೋಗ, ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು.

ಎಂಜಿನ್ ಸ್ಟಾರ್ಟ್ ಮಾಡಿ, ಎಕ್ಸಲರೇಟರ್ ಸ್ವಲ್ಪ ಏರಿಸಿ, ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಅಳೆಯಬೇಕು. ಸುಮಾರು 13.8ರಿಂದ 14.5 ಬಂದರೆ ಚಾರ್ಜಿಂಗ್ ಸರಿ ಇದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಏರಿಸಿದರೂ ಹನ್ನೆರಡರ ಆಸುಪಾಸಿನಲ್ಲೇ ಇದ್ದರೆ ಚಾರ್ಜ್ ಆಗುತ್ತಿಲ್ಲ. ನಮ್ಮದು 12.3ಕ್ಕೆ ನಿಂತಿತ್ತು. ಮೆಕ್ಯಾನಿಕ್ ಅಣ್ಣ ಆರ್‌ಆರ್ ಯುನಿಟ್‌ನ ಕಪ್ಲರ್ ಹಿಡಿದು ಅಲ್ಲಾಡಿಸಿದರು. ಮೀಟರ್ 13.9ಕ್ಕೆ ಹಾರಿತು, ಬಿಟ್ಟರೆ ಮತ್ತೆ 12.3. ಕಪ್ಲರ್ ಬಿಚ್ಚಿದರೆ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕರಗಿ ಕಂದಾಗಿತ್ತು. ಲೂಸ್ ಕಾಂಟ್ಯಾಕ್ಟ್ ಇದ್ದಲ್ಲಿ ರೆಸಿಸ್ಟೆನ್ಸ್, ರೆಸಿಸ್ಟೆನ್ಸ್ ಇದ್ದಲ್ಲಿ ಬಿಸಿ, ಬಿಸಿಯಾದಷ್ಟೂ ಪಿನ್ ಇನ್ನೂ ಲೂಸ್. ಒಮ್ಮೊಮ್ಮೆ ತಾಗಿ ಒಮ್ಮೊಮ್ಮೆ ತಪ್ಪಿ, ಬ್ಯಾಟರಿ ಯಾವಾಗಲೂ ಅರೆಹೊಟ್ಟೆಯಲ್ಲಿತ್ತು. ಇಂಥ ಬ್ಯಾಟರಿಯ ಸಾಮರ್ಥ್ಯ 3 ಆಂಪಿಯರ್-ಅವರ್ ಅಷ್ಟೇ. 21 ವ್ಯಾಟ್ ಬ್ರೇಕ್ ಲೈಟ್ ಒಂದೇ 1.75 ಆಂಪಿಯರ್ ಕುಡಿಯುತ್ತದೆ, ಅಂದರೆ ತುಂಬಿದ ಬ್ಯಾಟರಿ ಕೂಡ ಎರಡು ಗಂಟೆ ಬಾಳಲ್ಲ. ಚಾರ್ಜಿಂಗ್ ನೋಡದೆ ಬ್ಯಾಟರಿ ಬದಲಿಸೋದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ಮಾವನ ಹಳೇ ಬ್ಯಾಟರಿ ನಿಜವಾಗಲೂ ಹೋಗಿತ್ತೋ ಇಲ್ಲವೋ ಈಗ ಯಾರಿಗೂ ಗೊತ್ತಿಲ್ಲ, ಗುಜರಿಗೆ ಹೋಗಿಯಾಗಿದೆ.

ಹೊಸ ಕಪ್ಲರ್ ಹಾಕಿ, ಬ್ಯಾಟರಿಯನ್ನು ಬಿಚ್ಚಿ 0.3 ಆಂಪಿಯರ್‌ನಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಟ್ಟೆವು. ಸಾಮರ್ಥ್ಯದ ಹತ್ತನೇ ಒಂದು ಭಾಗ ಅನ್ನೋದು ರೂಢಿ. ಬೇಗ ತುಂಬಲಿ ಅಂತ ಕಾರ್ ಬ್ಯಾಟರಿಯ ಚಾರ್ಜರ್‌ಗೆ ಹಾಕಬೇಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ಗಾಡಿಯ ಚಾಸಿ ಪೂರ್ತಿ ನೆಗೆಟಿವ್ ಆಗಿರುತ್ತದೆ. ನೆಗೆಟಿವ್ ಹಾಗೇ ಇರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಪಾನಾ ಚಾಸಿಗೆ ತಗುಲಿದರೆ ಕಿಡಿ ಹಾರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಇದೆ. ನೀರು ಹಾಕುವ ಮಾದರಿಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರ್‌ವೆಲ್ ನೀರು ಬೇಡವೇ ಬೇಡ. ಸೀಲ್ ಆಗಿರುವುದನ್ನು ತೆರೆಯಲೇಬೇಡಿ. ಹಾಗೇ ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಮಹಾನುಭಾವರು ನಮ್ಮ ಹಾಸ್ಟೆಲ್‌ನಲ್ಲೂ ಇದ್ದಾರೆ. ಮುಂದಿನ ಸಲ ಶಾರ್ಟ್ ಆದಾಗ ಕಾಗದ ಉಳಿಯುತ್ತೆ, ವೈರಿಂಗ್ ಸುಡುತ್ತೆ.

ಎಲ್‌ಇಡಿ ಇಂಡಿಕೇಟರ್ ಹಾಕಿಸಿಕೊಂಡು "ಯಾಕೋ ಪಟಪಟ ಅಂತಿದೆ ಮಗಾ" ಅನ್ನುವ ಗೆಳೆಯರಿಗೆ: ನಿಮ್ಮ ಎಲ್‌ಇಡಿ ಒಂದೆರಡು ವ್ಯಾಟ್ ತಿನ್ನುತ್ತೆ, ರಿಲೇ ಇನ್ನೂ 20 ವ್ಯಾಟ್ ಹುಡುಕುತ್ತಿದೆ, ಬಲ್ಬ್ ಹೋಗಿದೆ ಅಂದುಕೊಂಡಿದೆ. ಕೆಲವರು ಲೋಡ್ ರೆಸಿಸ್ಟರ್ ಹಾಕುತ್ತಾರೆ, ಅದು ಬಿಸಿಯಾಗುತ್ತೆ, ಉಳಿಸಿದ ಕರೆಂಟ್ ಪೂರ್ತಿ ಬಿಸಿಯಾಗೇ ಹೋಗುತ್ತೆ. ಎಲ್‌ಇಡಿಗೆ ಹೊಂದುವ ರಿಲೇ ಹಾಕಿಸಿ.

ಬೆಳಿಗ್ಗೆ ಬ್ಯಾಟರಿ 12.7 ತೋರಿಸಿತು. ಎರಡು ದಿನ ಓಡಿಸಿದ ಮೇಲೂ 12.6. ಕಪ್ಲರ್, ಬೆಸುಗೆ, ಕೂಲಿ ಎಲ್ಲ ಸೇರಿ ಆದ ಖರ್ಚು ನಾಲ್ಕು ತಿಂಗಳ ಹಿಂದಿನ ಬ್ಯಾಟರಿಯ ಕಾಲುಭಾಗವೂ ಅಲ್ಲ. ನಾನು ತಂದ ಬಲ್ಬ್ ಸೈಡ್ ಕವರಿನ ಒಳಗೆ ಸ್ಪೇರ್ ಆಗಿ ಕೂತಿದೆ.

ಈಗ ಮಾವ ಹೊರಡುವ ಮೊದಲು ಅತ್ತೆ ಗಾಡಿಯ ಹಿಂದೆ ನಿಂತುಕೊಳ್ಳುತ್ತಾರೆ. ಮಾವ ಸ್ವಿಚ್ ಒತ್ತುತ್ತಾರೆ. "ಎಡಕ್ಕೆ ಐತೆ. ಬಲಕ್ಕೆ ಐತೆ. ಬ್ರೇಕ್ ಹಿಡೀರಿ… ಐತೆ" ಅಂತ ಅತ್ತೆ ಕೂಗಿದ ಮೇಲೇ ಹತ್ತಿ ಕೂರುತ್ತಾರೆ.