ನುಡಿಯ ಸೊಗಡು

ಅವರೆಯ ಕಾಲ ಬಂತೆಂದರೆ ಹಾಸನ ಸೀಮೆಯ ಮನೆಮನೆಗಳಲ್ಲಿ ‘ಸೊಗಡು’ ಎಂಬ ಮಾತು ಕೇಳಿಬರುತ್ತದೆ. ಕಾಯಿಯ ಗಾಢವಾದ ವಾಸನೆಯನ್ನು ಸೂಚಿಸುವ ಈ ಪದವನ್ನೇ ಕನ್ನಡಿಗರು ನುಡಿಗೂ ಅನ್ವಯಿಸಿದ್ದಾರೆ. ಉಚ್ಚಾರಣೆಯೆಂಬುದು ಅಕ್ಷರಗಳನ್ನು ನುಡಿಯುವ ಕ್ರಮ. ಧಾಟಿಯೆಂಬುದು ಮಾತಿನ ಏರಿಳಿತ. ಇವೆರಡೂ ಕೂಡಿ, ಆಡುವವನ ನೆಲವನ್ನು ತಿಳಿಸಿಕೊಡುವ ಗುಣವೇ ಸೊಗಡು.

ಆಲೂರು, ಸಕಲೇಶಪುರಗಳ ಹಳ್ಳಿಯ ಮಾತಿನಲ್ಲಿ ಪದದ ಮೊದಲ ಹಕಾರವು ಅನೇಕ ವೇಳೆ ಲೋಪವಾಗುತ್ತದೆ. ಹಾಲು ‘ಆಲು’ ಆಗುತ್ತದೆ, ಹೂವು ‘ಊವು’ ಆಗುತ್ತದೆ. ಇದನ್ನು ಕೇಳಿ ನಗುವವರುಂಟು. ಆದರೆ ಹಾಲು ಎಂಬುದೂ ಹಳಗನ್ನಡದಲ್ಲಿ ‘ಪಾಲ್’ ಆಗಿತ್ತು. ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಐದನೆಯ ಶತಮಾನದ ಶಾಸನದಲ್ಲಿ ಆ ಊರಿನ ಹೆಸರೇ ಪಕಾರದಿಂದ ಆರಂಭವಾಗುತ್ತದೆ. ಪಕಾರವು ಹಕಾರವಾದುದನ್ನು ಭಾಷೆಯ ಬೆಳವಣಿಗೆಯೆಂದು ಒಪ್ಪುವವರು, ಆ ಹಕಾರ ಜಾರಿದೊಡನೆ ಅದನ್ನು ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಹೇಳಿ, ದೇಸಿ ಭೇದಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂಬ ಭಾವವನ್ನು ವ್ಯಕ್ತಪಡಿಸಿದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕಜೀವಿಗಳ ಆಡುಮಾತಿನಲ್ಲಿಯೇ ಅನುಭಾವವನ್ನು ನುಡಿದರು.

ಹಾಗೆಂದು ಶಾಲೆಯು ಶಿಷ್ಟ ಉಚ್ಚಾರಣೆಯನ್ನು ಕೈಬಿಡಲಾಗದು. ಅರಿ ಬೇರೆ, ಹರಿ ಬೇರೆ. ಅಸು ಬೇರೆ, ಹಸು ಬೇರೆ. ಬರಹದಲ್ಲಿ ಈ ಭೇದ ತಪ್ಪಿದರೆ ಅರ್ಥವೇ ಕೆಡುತ್ತದೆ. ಆದರೆ ತಿದ್ದುವ ಕ್ರಮದಲ್ಲಿ ವಿವೇಕವಿರಬೇಕು. ಗದರಿಕೆಗೆ ಅಂಜಿದ ಬಾಲಕನು ಇಲ್ಲದೆಡೆಯಲ್ಲಿಯೂ ಹಕಾರವನ್ನು ತಂದು ಅಕ್ಕಿಯನ್ನು ‘ಹಕ್ಕಿ’ ಎನ್ನುತ್ತಾನೆ. ಕ್ರಮೇಣ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ಆಗ ಅವನು ಕಳೆದುಕೊಳ್ಳುವುದು ಒಂದು ಅಕ್ಷರವನ್ನಲ್ಲ, ಪ್ರಶ್ನೆ ಕೇಳುವ ಧೈರ್ಯವನ್ನು.

ಅದಕ್ಕಾಗಿ ‘ಮನೆಯಲ್ಲಿ ಹೀಗೆ ಆಡುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತೇವೆ’ ಎಂದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವುದು ಲೇಸು. ಗ್ರಂಥದ ಭಾಷೆಯನ್ನು ಕಲಿತ ವಿದ್ಯಾರ್ಥಿಯು ತಾಯಿಯ ಮಾತಿಗೆ ನಾಚದಂತೆ ಬೆಳೆದರೆ, ಭಾಷಾಬೋಧನೆಯು ಸಾರ್ಥಕವಾದಂತೆಯೇ ಸರಿ.