ಡೀಸೆಲ್ ಎಸ್‌ಯುವಿ: ಕೊಳ್ಳುವುದು, ಓಡಿಸುವುದು, ಉಳಿಸಿಕೊಳ್ಳುವುದು

ದೊಡ್ಡ ಡೀಸೆಲ್ ಎಸ್‌ಯುವಿ ಹೊರಗಿನಿಂದ ಕಾರಿನ ಹಾಗೆ ಕಂಡರೂ ಒಳಗಿನ ರಚನೆಯಲ್ಲಿ ಲಾರಿಗೆ ಹತ್ತಿರ. ಕೆಳಗೆ ಉಕ್ಕಿನ ಚಾಸಿಸ್, ಅದರ ಮೇಲೆ ಬೋಲ್ಟ್ ಬಿಗಿದು ಕೂರಿಸಿದ ಬಾಡಿ, ಮುಂದಿನ ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೊಟಾ ಫಾರ್ಚೂನರ್ ಈ ಬಗೆಯ ಗಾಡಿ. ಭಾರತಕ್ಕೆ ಅದು ಬಂದದ್ದು 2009ರಲ್ಲಿ, 3 ಲೀಟರಿನ ಡೀಸೆಲ್ ಎಂಜಿನ್ನಿನೊಂದಿಗೆ. 2016ರಲ್ಲಿ ಬಂದ ಎರಡನೇ ತಲೆಮಾರಿಗೆ 2.8 ಲೀಟರಿನ ಎಂಜಿನ್. ಉದ್ದ ಸುಮಾರು 4.8 ಮೀಟರ್, ಅಗಲ 1.85 ಮೀಟರ್, ತೂಕ ಎರಡು ಟನ್ನಿಗೂ ಹೆಚ್ಚು, ಟ್ಯಾಂಕು 80 ಲೀಟರಿನದು. ಈ ಲೇಖಕ ಬಲ್ಲದ್ದು ಮುಖ್ಯವಾಗಿ ಇದೇ ಗಾಡಿ. ಸಫಾರಿ, ಎಕ್ಸ್‌ಯುವಿ 700 ಮುಂತಾದ ಈಚಿನ ಗಾಡಿಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಆದರೂ ಡೀಸೆಲ್ ಎಂಜಿನ್ ಮತ್ತು ಹೊಗೆ ಶುದ್ಧಿಯ ಬಗ್ಗೆ ಇಲ್ಲಿ ಹೇಳುವುದು ಅವಕ್ಕೂ ಅನ್ವಯಿಸುತ್ತದೆ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಬೆಲೆಯದಲ್ಲ, ಓಡಾಟದ್ದು. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ದೂರ ಓಡುವ ಮನೆಗೆ ಈ ಗಾಡಿ ಹೇಳಿ ಮಾಡಿಸಿದ್ದು. ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಮೂರು ಕಿಲೋಮೀಟರಿನಾಚೆಯ ಆಫೀಸಿಗೆ ಹೋಗಿಬರುವ ಮನೆಗೆ ಅದು ಖಂಡಿತ ತಕ್ಕದ್ದಲ್ಲ. ಹಾಗೆ ಬಳಸಿದ ಡೀಸೆಲ್ ಗಾಡಿ ಹೆಚ್ಚು ಓಡಿದ ಗಾಡಿಗಿಂತ ಬೇಗ ಕೆಡುತ್ತದೆ.

ಬೆಲೆಯ ಲೆಕ್ಕವನ್ನು ಶೋರೂಮಿನ ಅಂಕಿಗೇ ನಿಲ್ಲಿಸಬಾರದು. ಈ ಗಾತ್ರದ ಗಾಡಿಯ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 50ರಷ್ಟಿದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಇಳಿದಿದೆ. ಆದರೆ ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಶೇ 18 ಆಜೀವ ತೆರಿಗೆ ಇದೆ, ಅದರ ಮೇಲೆ ಸೆಸ್ ಬೇರೆ. 40 ಲಕ್ಷದ ಗಾಡಿಗೆ ಇದೊಂದೇ ಏಳು ಲಕ್ಷ ದಾಟುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ ಸುಮಾರು 91 ರೂಪಾಯಿ ಆಯಿತು. ಊರು, ಹೆದ್ದಾರಿ ಎರಡೂ ಸೇರಿ ಲೀಟರಿಗೆ 10 ಕಿಲೋಮೀಟರ್ ಎಂದು ಹಿಡಿದರೂ ವರ್ಷಕ್ಕೆ 15,000 ಕಿಲೋಮೀಟರ್ ಓಡುವವರಿಗೆ ಡೀಸೆಲ್ ಖರ್ಚೇ 1.36 ಲಕ್ಷ. ಸರ್ವಿಸ್, ಟೈರ್, ವಿಮೆ ಇವುಗಳಿಗಾಗಿ ತಿಂಗಳಿಗಿಷ್ಟು ಎಂದು ಬೇರೆಯಾಗಿ ತೆಗೆದಿಡುವ ಮನೆಗಳಲ್ಲಿ ಮಾತ್ರ ಈ ಗಾಡಿ ಕೊನೆಯವರೆಗೂ ಚೆನ್ನಾಗಿರುತ್ತದೆ. ಸಾಲದ ಕಂತಿಗೇ ಕೈ ಬಿಗಿಯಾದವರು ಮೊದಲು ಮುಂದೂಡುವುದು ಆಯಿಲ್ ಬದಲಾವಣೆಯನ್ನು.

2020ರ ಏಪ್ರಿಲ್ 1ರಂದು ದೇಶದಲ್ಲೆಲ್ಲ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ಮಾನದಂಡ ಜಾರಿಯಾಯಿತು. ಡೀಸೆಲ್‌ನಲ್ಲಿನ ಗಂಧಕದ ಮಿತಿ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿಯಿತು, ಸೈಲೆನ್ಸರ್ ಕೊಳವೆಯ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಬಂದು ಕೂತಿತು. ಹಳೆಯ ಡೀಸೆಲ್ ಗಾಡಿಯನ್ನು ಓಡಿಸಿ ಪಳಗಿದವರಿಗೂ ಹೊಸದಾಗಿ ಕಲಿಯಬೇಕಾದ ಪಾಠವೆಂದರೆ ಇದು. ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳಿರುವ ಈ ಪಿಂಗಾಣಿ ಫಿಲ್ಟರ್, ಹೊಗೆಯಲ್ಲಿರುವ ಮಸಿಯನ್ನು ಗೋಡೆಗಳಲ್ಲಿ ತಡೆದು ಇಟ್ಟುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಚೆನ್ನಾಗಿ ಕಾದಿರುವಾಗ ಅದರಲ್ಲಿ ಒಂದು ಪಾಲು ತಾನಾಗಿ ಉರಿದುಹೋಗುತ್ತದೆ. ಉಳಿದದ್ದು ಒಂದು ಮಟ್ಟ ಮುಟ್ಟಿದಾಗ ಗಾಡಿಯ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಬಿಟ್ಟು ಫಿಲ್ಟರಿನ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಗ್ಯಾರೇಜಿನವರು ರೀಜನರೇಷನ್ ಎನ್ನುವುದು ಇದನ್ನೇ.

ಇದು ಮುಗಿಯುವುದಕ್ಕೆ ಹತ್ತಿಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಅದು ಆಗುವ ಮಾತಲ್ಲ. ಆರಂಭವಾದ ಸುಡುವಿಕೆ ಮನೆ ಬಂತೆಂದು ಕೀಲಿ ತಿರುಗಿಸಿದೊಡನೆ ಅರ್ಧಕ್ಕೆ ನಿಲ್ಲುತ್ತದೆ. ಮರುದಿನವೂ ಹಾಗೇ. ಹೀಗೆ ಮಸಿ ಕಟ್ಟುತ್ತ ಹೋಗಿ ಒಂದು ದಿನ ಡಿಪಿಎಫ್ ದೀಪ ಹೊತ್ತಿಕೊಳ್ಳುತ್ತದೆ. ಆಗ ಗಾಬರಿಯೂ ಬೇಡ, ಉದಾಸೀನವೂ ಸಲ್ಲದು. ಆ ದಿನವೇ ಹೊರವರ್ತುಲ ರಸ್ತೆಯಲ್ಲೋ ಹೆದ್ದಾರಿಯಲ್ಲೋ ಅರ್ಧ ಗಂಟೆ ಸಮವೇಗದಲ್ಲಿ ಓಡಿಸಿದರೆ ದೀಪ ಸಾಮಾನ್ಯವಾಗಿ ಆರುತ್ತದೆ. ಫಾರ್ಚೂನರ್‌ನ ಬಿಎಸ್ 6 ಮಾದರಿಗೆ ನಿಂತಲ್ಲೇ ಮಸಿ ಸುಡಿಸುವ ಗುಂಡಿಯೂ ಇದೆ. ಅದನ್ನು ಒತ್ತುವ ಮೊದಲು ಗಾಡಿಯನ್ನು ಬಯಲಲ್ಲಿ, ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು. ಕೆಳಗೆ ಒಣಹುಲ್ಲೋ ತರಗೆಲೆಯೋ ಇದ್ದರೆ ಬೆಂಕಿ ಹತ್ತುವ ಅಪಾಯ ನಿಜವಾದದ್ದು. ಕಣದಲ್ಲಿ, ಬೇಸಿಗೆಯ ಕಾಫಿ ತೋಟದಲ್ಲಿ ಗಾಡಿ ನಿಲ್ಲಿಸುವವರು ಇದನ್ನು ಮರೆಯುವಂತಿಲ್ಲ.

ಅರ್ಧಕ್ಕೆ ನಿಂತ ಸುಡುವಿಕೆಯ ಇನ್ನೊಂದು ಪರಿಣಾಮ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಸಿಲಿಂಡರಿಗೆ ಹೆಚ್ಚುವರಿಯಾಗಿ ಡೀಸೆಲ್ ಬಿಡುವ ಎಂಜಿನ್ನುಗಳಲ್ಲಿ ಉರಿಯದೆ ಉಳಿದದ್ದು ಪಿಸ್ಟನ್ ರಿಂಗುಗಳ ಸಂದಿಯಿಂದ ಇಳಿದು ಎಂಜಿನ್ ಆಯಿಲಿಗೆ ಬೆರೆಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಆಯಿಲ್ ಕಡಿಮೆಯಾದರೆ ಎಲ್ಲರೂ ಹೆದರುತ್ತಾರೆ, ಹೆಚ್ಚಾದರೆ ಸಮಾಧಾನಪಡುತ್ತಾರೆ. ಬಿಎಸ್ 6 ಡೀಸೆಲ್‌ನಲ್ಲಿ ಏರಿದ ಮಟ್ಟವೂ ರೋಗದ ಲಕ್ಷಣ. ಮೇಲಿನ ಗೆರೆ ದಾಟಿದ್ದರೆ ಸರ್ವಿಸಿನ ಕಿಲೋಮೀಟರಿಗೆ ಕಾಯದೆ ಆಯಿಲ್ ಬದಲಿಸಬೇಕು. ತಿಂಗಳಿಗೆರಡು ಸಲ ಬೆಳಿಗ್ಗೆ, ಗಾಡಿ ಸಮತಟ್ಟಾದ ಜಾಗದಲ್ಲಿದ್ದಾಗ ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸಕ್ಕೆ ಬದಲಿ ಎಂಬುದಿಲ್ಲ.

ಆಯಿಲಿನ ಆಯ್ಕೆಯೂ ಈ ಫಿಲ್ಟರಿಗೆ ತಳುಕು ಹಾಕಿಕೊಂಡಿದೆ. ಮಸಿ ಸುಟ್ಟುಹೋಗುತ್ತದೆ. ಆದರೆ ಆಯಿಲಿನ ರಾಸಾಯನಿಕಗಳಿಂದ ಹುಟ್ಟುವ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ. ಆದ್ದರಿಂದ ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿಯ ದರ್ಜೆಯ ಆಯಿಲನ್ನೇ ಹಾಕಬೇಕು. ಕೈಪಿಡಿಯಲ್ಲಿ ಆ ದರ್ಜೆಯ ಹೆಸರು ಸ್ಪಷ್ಟವಾಗಿ ಇರುತ್ತದೆ. ಅಂಗಡಿಯಲ್ಲಿ ಎಲ್ಲ ಡೀಸೆಲ್ಲಿಗೂ ನಡೆಯುತ್ತದೆ ಎಂದು ಕೊಡುವ ಡಬ್ಬ ಹಳೆಯ ಬೊಲೇರೊಗೆ ನಡೆದೀತು, ಇದಕ್ಕೆ ನಡೆಯದು. 2.8 ಲೀಟರಿನ ಎಂಜಿನ್ನಿಗೆ ಒಂದು ಸಲಕ್ಕೆ ಏಳೂವರೆ ಲೀಟರ್ ಹತ್ತಿರ ಆಯಿಲ್ ಬೇಕಾಗುವುದರಿಂದ ಅಗ್ಗದ ಡಬ್ಬದ ಕಡೆ ಮನಸ್ಸು ಎಳೆಯುವುದು ಸಹಜ. ಆದರೆ ಉಳಿಸಿದ ಆ ಕೆಲವು ಸಾವಿರ, ಡಿಪಿಎಫ್ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ. ಸರ್ವಿಸ್ ಅವಧಿ 10,000 ಕಿಲೋಮೀಟರ್ ಎಂದಿದ್ದರೂ ಬಹುಪಾಲು ಊರೊಳಗೇ ಓಡುವ ಗಾಡಿಗೆ ಏಳೆಂಟು ಸಾವಿರಕ್ಕೇ ಆಯಿಲ್ ಬದಲಿಸುವುದು ಲೇಸು. ಡಿಪಿಎಫ್ ಅನ್ನೇ ಕತ್ತರಿಸಿ ತೆಗೆದು ಸಾಫ್ಟ್‌ವೇರ್ ಬದಲಿಸಿ ಕೊಡುವ ಗ್ಯಾರೇಜುಗಳೂ ಇವೆ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. ಹಿಂದೆ ಸ್ಕೂಟರಿನಲ್ಲಿ ಬರುವವರ ಮುಖಕ್ಕೆ ಮಸಿ ಉಗುಳುವ ಗಾಡಿಯನ್ನು ತಿಳಿದೂ ತಿಳಿದೂ ಓಡಿಸುವುದು ಸಮರ್ಥನೆಗೆ ಸಿಗುವ ಕೆಲಸವೂ ಅಲ್ಲ.

ಕೆಲವು ಗಾಡಿಗಳಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಡಿಇಎಫ್ ದ್ರವದ ಟ್ಯಾಂಕೂ ಇದೆ. ಇದು ಶೇ 32.5 ಯೂರಿಯಾ ಕರಗಿದ ಶುದ್ಧ ನೀರು. ಇದು ಪೂರಾ ಮುಗಿದರೆ ಆಫ್ ಮಾಡಿದ ಗಾಡಿ ಮತ್ತೆ ಸ್ಟಾರ್ಟ್ ಆಗದಂತೆ ಕಂಪ್ಯೂಟರ್ ತಡೆಯುತ್ತದೆ, ಆದ್ದರಿಂದ ದೂರದ ಪ್ರಯಾಣಕ್ಕೆ ಮೊದಲು ಮಟ್ಟ ನೋಡಬೇಕು. ಬಂಕಿನ ಹುಡುಗ ತಪ್ಪಿ ಈ ದ್ರವವನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಗಾಡಿಯನ್ನು ಸ್ಟಾರ್ಟ್ ಮಾಡಲೇಬಾರದು. ಅಲ್ಲಿಂದಲೇ ಟೋ ಮಾಡಿಸಿ ಟ್ಯಾಂಕ್ ಬರಿದು ಮಾಡಿಸಬೇಕು.

ಡೀಸೆಲ್ಲಿನ ವಿಷಯದಲ್ಲಿ ಶತ್ರು ನೀರು. ಕಾಮನ್ ರೈಲ್ ಎಂಜಿನ್ನಿನ ಇಂಜೆಕ್ಟರುಗಳು 2,000 ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತವೆ. ಅವುಗಳ ಬಿಡಿಭಾಗಗಳ ನಡುವಿನ ಅಂತರ ಮೈಕ್ರಾನುಗಳ ಲೆಕ್ಕದ್ದು, ಅವನ್ನು ಸವೆಯದಂತೆ ಕಾಯುವುದು ಡೀಸೆಲ್ಲಿನ ಜಿಡ್ಡೇ. ನೀರು ಸೇರಿದರೆ ಆ ಜಿಡ್ಡು ಹೋಗುತ್ತದೆ, ತುಕ್ಕು ಬರುತ್ತದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ತಂಗುವ ಜಾಗವಿದ್ದು, ಅದು ತುಂಬಿದಾಗ ದೀಪ ಹತ್ತುತ್ತದೆ. ಆ ದೀಪ ಕಂಡಾಗ ಊರು ಮುಟ್ಟಿದ ಮೇಲೆ ನೋಡೋಣ ಎನ್ನುವುದು ದುಬಾರಿ ಧೈರ್ಯ. ವ್ಯಾಪಾರ ಚೆನ್ನಾಗಿರುವ, ಲಾರಿಗಳು ಸಾಲುಗಟ್ಟುವ ಬಂಕಿನಲ್ಲಿ ತುಂಬಿಸುವುದು, ಮಳೆಗಾಲದಲ್ಲಿ ಟ್ಯಾಂಕನ್ನು ತಳ ಕಾಣುವವರೆಗೆ ಖಾಲಿ ಮಾಡದಿರುವುದು, ಡೀಸೆಲ್ ಫಿಲ್ಟರನ್ನು ಅವಧಿಗೆ ಮೊದಲೇ ಬದಲಿಸುವುದು ಇವಿಷ್ಟು ಸಾಕು. ಟರ್ಬೊಗೆ ಬೇಕಾದದ್ದು ಇನ್ನೂ ಕಡಿಮೆ: ತಣ್ಣಗಿರುವ ಎಂಜಿನ್ನನ್ನು ರೇಸ್ ಮಾಡಬಾರದು, ಘಾಟಿ ಹತ್ತಿ ನಿಂತ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಐಡಲಿನಲ್ಲಿ ಬಿಡಬೇಕು.

ಇನ್ನು ತೂಕ. ಎರಡು ಟನ್ನಿನ ಗಾಡಿಗೆ ಏಳು ಜನ, ಸಾಮಾನು ಸೇರಿದರೆ ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕಿನ ಮೇಲೆ ಬೀಳುವ ಭಾರ ಸಣ್ಣ ಕಾರಿನದಕ್ಕೆ ಹೋಲಿಕೆಯೇ ಅಲ್ಲ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಲಾರಿ ಡ್ರೈವರುಗಳ ನಿಯಮವೇ ಇಲ್ಲಿಗೂ ಸರಿ. ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರನ್ನು ಕೈಯಿಂದ ಇಳಿಸಿ ಎಂಜಿನ್ನೇ ತಡೆ ಹಿಡಿಯುವಂತೆ ಮಾಡಬೇಕು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಮಲೆನಾಡಿನವರು, ಕರಾವಳಿಯವರು ಇದನ್ನು ಮುಂದೂಡಲೇಬಾರದು.

ಟೈರುಗಳ ಅಳತೆ ದೊಡ್ಡದು, ನಾಲ್ಕು ಬದಲಿಸುವಷ್ಟರಲ್ಲಿ ಖರ್ಚು ಅರ್ಧ ಲಕ್ಷ ದಾಟುತ್ತದೆ. ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲಿನ ಕಂಬದ ಚೀಟಿಯಲ್ಲಿ ಇರುತ್ತದೆ, ಟೈರ್ ಅಂಗಡಿಯವರ ಅಂದಾಜಿನಲ್ಲಿ ಅಲ್ಲ. ಕೊಳ್ಳುವಾಗ ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಗುರುತು ಓದಬೇಕು. 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಗಾಡಿಗಳಲ್ಲಿ ಗೆರೆ ಸವೆಯುವ ಮೊದಲೇ ರಬ್ಬರು ಮುದಿಯಾಗಿ ಬಿರುಕು ಬಿಡುತ್ತದೆ.

ಚಾಸಿಸ್ ಗಾಡಿಯಲ್ಲಿ ಕಾರಿಗಿಲ್ಲದ ಕೆಲವು ಕೆಲಸಗಳಿವೆ. ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಿಗೆ ಪ್ರತಿ ಸರ್ವಿಸಿನಲ್ಲೂ ಗ್ರೀಸ್ ಹೊಡೆಯಬೇಕು. ಹೊಡೆದೆವು ಎಂಬ ಬಾಯಿಮಾತನ್ನು ನಂಬದೆ ನಿಪ್ಪಲಿನ ಬಾಯಲ್ಲಿ ಹೊಸ ಗ್ರೀಸ್ ಕಾಣುತ್ತದೆಯೇ ಎಂದು ಗಾಡಿ ಮೇಲೆತ್ತಿದಾಗಲೇ ನೋಡಿಕೊಳ್ಳಬೇಕು. ಹಿಂದಿನ ಡಿಫರೆನ್ಷಿಯಲ್ ಆಯಿಲನ್ನು ಎಂಜಿನ್ ಆಯಿಲಿನಷ್ಟು ಯಾರೂ ನೆನಪಿಡುವುದಿಲ್ಲ. ಫೋರ್ ವೀಲ್ ಡ್ರೈವ್ ಇದ್ದರೆ ಟ್ರಾನ್ಸ್‌ಫರ್ ಕೇಸಿನ ಆಯಿಲೂ ಸೇರುತ್ತದೆ. ಫಾರ್ಚೂನರ್‌ನಂಥ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವುದು ಕೆಸರು, ಮರಳು, ಜಾರುವ ಮಣ್ಣಿಗೆ ಮಾತ್ರ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸುವುದರಿಂದ ಒಣ ಟಾರು ರಸ್ತೆಯಲ್ಲಿ ಹಾಗೆ ಓಡಿಸಿದರೆ ಗೇರುಗಳು ಒಂದಕ್ಕೊಂದು ಬಿಗಿದುಕೊಂಡು ಸವೆಯುತ್ತವೆ. ಹಾಗೆಂದು ಬಳಸದೇ ಬಿಟ್ಟರೂ ಒಳಗಿನ ಭಾಗಗಳು ಜಡ್ಡುಗಟ್ಟುತ್ತವೆ. ತಿಂಗಳಿಗೊಮ್ಮೆ ಮಣ್ಣು ರಸ್ತೆಯಲ್ಲಿ ಸ್ವಲ್ಪ ದೂರ ಅದರಲ್ಲಿ ಓಡಿಸಿದರೆ ಸರಿಯಿರುತ್ತದೆ.

ಮಳೆಗಾಲದ ಕೆಲಸ ಬೇರೆ. ಚಾಸಿಸ್ಸಿನ ಸಂದಿಗಳಲ್ಲಿ ಕೂತ ಕೆಸರು ವಾರಗಟ್ಟಲೆ ಒದ್ದೆಯಾಗೇ ಇದ್ದು ತುಕ್ಕು ಹಿಡಿಸುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಯೂ ಸೇರುತ್ತದೆ. ಮೇಲಿನ ಪೇಂಟಿಗೆ ಪಾಲಿಶ್ ಹಾಕಿಸುವುದಕ್ಕಿಂತ ಕೆಳಭಾಗವನ್ನು ನೀರಿನ ರಭಸದಿಂದ ತೊಳೆಸುವುದು ಮುಖ್ಯ. ವೈಪರಿನ ಕೆಳಗೆ ಎಲೆ ಕಟ್ಟಿಕೊಂಡರೆ ನೀರು ಒಳಗಿಳಿದು ವೈರಿಂಗಿಗೆ ತಾಗುತ್ತದೆ. ಬೆಚ್ಚಗಿನ ಬಾನೆಟ್ಟಿನೊಳಗೆ ಬಂದು ಸೇರುವ ಇಲಿ ಸೆನ್ಸರಿನ ವೈರು ಕಡಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ನಿತ್ಯ ಓಡುವ ಗಾಡಿಗೆ ಈ ಕಾಟ ಕಡಿಮೆ. ಎತ್ತರದ ಗಾಡಿ ಎಂಬ ಭರವಸೆಯಲ್ಲಿ ತುಂಬಿ ಹರಿಯುವ ಹಳ್ಳಕ್ಕೆ ಇಳಿಸಬಾರದು. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡುವ ಪ್ರಯತ್ನವೇ ಕನೆಕ್ಟಿಂಗ್ ರಾಡನ್ನು ಬಗ್ಗಿಸುತ್ತದೆ. ಸಾಮಾನ್ಯ ವಿಮೆ ಹೀಗಾದ ಹಾನಿಯನ್ನು ಭರಿಸುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು.

ವಾರಂಟಿ ಇರುವಷ್ಟು ಕಾಲ ಕಂಪನಿಯ ಸರ್ವಿಸ್ ಸೆಂಟರೇ ಸರಿ. ಆದರೆ ಅಲ್ಲಿನ ಪಟ್ಟಿಯಲ್ಲಿ ಸೇರಿಸುವ ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಕೋಟಿಂಗ್, ಒಳಾಂಗಣ ಶುದ್ಧಿಗಳು ಕೈಪಿಡಿಯಲ್ಲಿ ಇವೆಯೇ ಎಂದು ನೋಡಿ, ಇಲ್ಲದ್ದನ್ನು ಬೇಡವೆನ್ನಬೇಕು. ವಾರಂಟಿ ಮುಗಿದ ಮೇಲೆ ಸ್ಕ್ಯಾನರ್ ಹಿಡಿದು ಡಿಪಿಎಫ್‌ನ ಒತ್ತಡ ಓದಬಲ್ಲ, ಕಾರಣ ಹುಡುಕಿ ಆಮೇಲೆ ಬಿಡಿಭಾಗ ಬಿಚ್ಚುವ ಮೆಕ್ಯಾನಿಕ್ ಸಿಕ್ಕರೆ ಅಂಥವರನ್ನು ಬಿಡಬಾರದು. ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟರೆ ಮಾರುವಾಗ ಅದೇ ಬೆಲೆ ತರುತ್ತದೆ.

ಹಳೆಯ ಗಾಡಿ ಕೊಳ್ಳುವವರು ಓದಬೇಕಾದದ್ದೂ ಆ ಫೈಲನ್ನೇ, ಮೀಟರನ್ನಲ್ಲ. 2015ರ ಹಸಿರು ನ್ಯಾಯಮಂಡಳಿಯ ಆದೇಶದ ನಂತರ ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಿದ್ದದ್ದರಿಂದ ಅಲ್ಲಿನ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತವೆ. ಅವಕ್ಕೆ ಎನ್‌ಒಸಿ ಬೇಕು, ಇಲ್ಲಿ ಮತ್ತೆ ನೋಂದಣಿ, ತೆರಿಗೆ ಬೇಕು. ಕರ್ನಾಟಕದ್ದೇ ಆದ ಗಾಡಿಗೂ 15 ವರ್ಷಕ್ಕೆ ಎಫ್‌ಸಿ ಮಾಡಿಸಬೇಕು, ಅದು ಮುಂದಿನ ಐದು ವರ್ಷಕ್ಕೆ. ಗಾಡಿ ನೋಡಲು ಹೋಗುವುದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಆಗಬೇಕು. ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಇಂಜೆಕ್ಟರಿನ, ಗ್ಲೋ ಪ್ಲಗ್ಗಿನ ದೋಷಗಳು ಮುಚ್ಚಿಹೋಗುತ್ತವೆ. ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡಬೇಕು, ಚಾಸಿಸ್ಸಿನ ಹಿಂತುದಿಯ ವೆಲ್ಡಿಂಗ್ ಗುರುತುಗಳನ್ನು ಟಾರ್ಚ್ ಹಿಡಿದು ನೋಡಬೇಕು, ಸೈಲೆನ್ಸರಿನ ಬಾಯೊಳಗೆ ಬೆರಳಾಡಿಸಬೇಕು. ಬಿಎಸ್ 6 ಗಾಡಿಯಲ್ಲಿ ಬೆರಳಿಗೆ ದಪ್ಪ ಮಸಿ ಅಂಟಿದರೆ ಫಿಲ್ಟರ್ ಒಡೆದಿದೆ ಅಥವಾ ಯಾರೋ ಅದನ್ನು ತೆಗೆದಿದ್ದಾರೆ. ಅಂಥ ಗಾಡಿಯ ಮಾತುಕತೆ ಮುಂದುವರಿಸುವ ಅಗತ್ಯವಿಲ್ಲ.